ಅಳದಂಗಡಿಯಿಂದ ಬೆಂಗಳೂರಿಗೆ: ಮಿತ ವೆಚ್ಚದಲ್ಲಿ ಸಂಸಾರ ಹೂಡುವ ಲೆಕ್ಕಾಚಾರ

ಬೆಳ್ತಂಗಡಿ ತಾಲೂಕಿನ ಅಳದಂಗಡಿ, ಗುರುವಾಯನಕೆರೆಯಿಂದ ನಾರಾವಿ ಮಾರ್ಗವಾಗಿ ಕಾರ್ಕಳಕ್ಕೆ ಸಾಗುವ ರಸ್ತೆಯಲ್ಲಿರುವ ಸಣ್ಣ ಪೇಟೆ. 1604ರಲ್ಲಿ ವೇಣೂರಿನ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಅಜಿಲ ಅರಸು ಮನೆತನದ ಅರಮನೆ ಇಲ್ಲಿದೆ. ಅಡಿಕೆ, ತೆಂಗು, ರಬ್ಬರ್ ತೋಟಗಳು ಹಾಗೂ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಕೆಲಸ ಈ ಭಾಗದ ಜೀವನಾಧಾರಗಳು. ತೋಟ ಸಣ್ಣದಿರುವ ಅಥವಾ ತೋಟವೇ ಇಲ್ಲದ ಮನೆಗಳ ಯುವಕರು ಓದು ಮುಗಿಸಿ ಸುಮಾರು 300 ಕಿ.ಮೀ. ದೂರದ ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಒಬ್ಬಂಟಿಯಾಗಿ ಹೋದವನಿಗೆ ಪಿ.ಜಿ.ಯ ಒಂದು ಮಂಚ ಸಾಕು. ಮದುವೆಯಾಗಿ, ಮಗುವಾದ ಬಳಿಕ ಹೆಂಡತಿ ಮಕ್ಕಳನ್ನು ಕರೆದೊಯ್ಯುವ ಪ್ರಶ್ನೆ ಬಂದಾಗ ಲೆಕ್ಕವೇ ಬದಲಾಗುತ್ತದೆ. ಇಂಥ ಕುಟುಂಬಗಳನ್ನು ಸಾಲಕ್ಕೆ ನೂಕುವುದು ಸಾಮಾನ್ಯವಾಗಿ ತಿಂಗಳ ಬಾಡಿಗೆಯಲ್ಲ; ಮೊದಲ ತಿಂಗಳಲ್ಲಿ ಒಟ್ಟಿಗೆ ಕೈಬಿಡುವ ಹಣ ಮತ್ತು ವರ್ಷ ತುಂಬುವುದರೊಳಗೆ ಮತ್ತೊಮ್ಮೆ ಮನೆ ಬದಲಾಯಿಸಬೇಕಾಗಿ ಬರುವ ಪರಿಸ್ಥಿತಿ. ಮೊದಲ ಮನೆಯನ್ನು ಸರಿಯಾಗಿ ಆರಿಸಿಕೊಂಡರೆ ಅರ್ಧ ಖರ್ಚು ಉಳಿದಂತೆಯೇ.

ಅಂದಿನ ಮುಂಬಯಿ, ಇಂದಿನ ಬೆಂಗಳೂರು

ಅವಿಭಜಿತ ದಕ್ಷಿಣ ಕನ್ನಡಕ್ಕೆ ವಲಸೆ ಹೊಸದಲ್ಲ. ಒಂದು ಕಾಲದಲ್ಲಿ ಊರು ಬಿಟ್ಟವರು ಮುಂಬಯಿಗೆ ಹೋಗುತ್ತಿದ್ದರು. ಗಂಡಸು ಮೊದಲು ಹೋಗಿ, ಹೋಟೆಲಿನಲ್ಲಿ ಊಟ ವಸತಿಯೊಂದಿಗೆ ದುಡಿದು, ಮನಿಯಾರ್ಡರ್ ಕಳುಹಿಸುವುದು ರೂಢಿಯಾಗಿತ್ತು. ಹಗಲು ದುಡಿದು ರಾತ್ರಿ ಓದುವವರಿಗಾಗಿ ಅಲ್ಲಿ ಕನ್ನಡ ರಾತ್ರಿ ಶಾಲೆಗಳು ಹುಟ್ಟಿಕೊಂಡವು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಹೊಸಬರಿಗೆ ಆಸರೆಯಾದವು. ಹೆಂಡತಿ ಮಕ್ಕಳು ಬಹುಕಾಲ ಊರಿನಲ್ಲೇ ಇರುತ್ತಿದ್ದುದರಿಂದ ನಗರದ ಖರ್ಚು ಒಬ್ಬನ ಖರ್ಚಾಗಿತ್ತು.

ಇಂದಿನ ಕುಟುಂಬ ಬೇರೆಯಾಗಿ ಬಾಳಲು ಬಯಸುವುದಿಲ್ಲ. ಆದರೂ ಹಿರಿಯರ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದ ಅಂಶವೊಂದಿದೆ: ಉದ್ಯೋಗದಲ್ಲಿರುವವರು ಮೊದಲು ಹೋಗಿ, ಎರಡು ಮೂರು ತಿಂಗಳು ಕೆಲಸದ ಸ್ಥಿರತೆ, ಬಡಾವಣೆ, ನೀರು, ಶಾಲೆಗಳನ್ನು ಕಣ್ಣಾರೆ ಕಂಡು, ಅನಂತರ ಸಂಸಾರ ಹೂಡುವುದು. ಜಾಲತಾಣದ ಚಿತ್ರ ನೋಡಿ ಮನೆಗೆ ಮುಂಗಡ ಕಳುಹಿಸುವುದು ಅಪಾಯಕರ.

ಮೊದಲ ತಿಂಗಳ ಲೆಕ್ಕ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ದೀರ್ಘಕಾಲದ ರೂಢಿ. ಈಚೆಗೆ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. ತಿಂಗಳಿಗೆ 10,000 ರೂ. ಬಾಡಿಗೆಯ ಮನೆ ಎಂದು ಭಾವಿಸೋಣ. ಹತ್ತು ತಿಂಗಳ ಮುಂಗಡ 1,00,000 ರೂ., ಮೊದಲ ತಿಂಗಳ ಬಾಡಿಗೆ 10,000 ರೂ., ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ 10,000 ರೂ.; ಸಾಮಾನು ಇಳಿಸುವ ಮೊದಲೇ 1,20,000 ರೂ. ಹೋಗುತ್ತದೆ. ಆರು ತಿಂಗಳ ಮುಂಗಡಕ್ಕೆ ಒಪ್ಪಿಸಿದರೆ ಈ ಮೊತ್ತ 80,000 ರೂ.ಗೆ ಇಳಿಯುತ್ತದೆ. ಬಾಡಿಗೆಯಲ್ಲಿ 500 ರೂ. ಕಡಿಮೆ ಮಾಡಿಸುವುದಕ್ಕಿಂತ ಮುಂಗಡ ಕಡಿಮೆ ಮಾಡಿಸುವುದು ಚಿನ್ನ ಅಡವಿಟ್ಟು ಹೊರಡುವ ಕುಟುಂಬಕ್ಕೆ ಹೆಚ್ಚು ಉಪಕಾರಿ.

ಮನೆ ಬಿಡುವಾಗ ಬಣ್ಣ ಬಳಿಸುವ ವೆಚ್ಚವೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಿಂದ ಕಳೆಯುವ ರೂಢಿಯೂ ಇದೆ. ಹೀಗೆ 11 ತಿಂಗಳಿಗೆ ಮನೆ ಬಿಟ್ಟರೆ ಬಾಡಿಗೆ 1,10,000 ರೂ.ಗೆ ದಲ್ಲಾಳಿ, ಬಣ್ಣದ 20,000 ರೂ. ಸೇರಿ ತಿಂಗಳಿಗೆ ಸುಮಾರು 11,800 ರೂ. ಬೀಳುತ್ತದೆ. ಅದೇ ಮನೆಯಲ್ಲಿ 33 ತಿಂಗಳು ನೆಲೆಸಿದರೆ, ವಾರ್ಷಿಕ ಏರಿಕೆಯನ್ನು ಬದಿಗಿಟ್ಟು ನೋಡಿದಾಗ, ತಿಂಗಳಿಗೆ ಸುಮಾರು 10,600 ರೂ. ಮಾತ್ರ. ಸಾಗಾಟದ ಖರ್ಚು, ಮಗುವಿನ ಶಾಲೆಯ ಬದಲಾವಣೆ ಈ ಲೆಕ್ಕದಲ್ಲಿ ಸೇರಿಲ್ಲ.

ಮುಂಗಡದ ಹೊರತಾಗಿ, ಮೂರು ತಿಂಗಳ ಮನೆಖರ್ಚಿನಷ್ಟು ಹಣ ಕೈಯಲ್ಲಿದ್ದರೆ ಮಾತ್ರ ಹೊರಡುವುದು ಕ್ಷೇಮ. ಹೊಸ ನೌಕರಿಯ ಮೊದಲ ಸಂಬಳ ಕೈಸೇರುವುದಕ್ಕೆ ತಿಂಗಳು ಕಳೆಯುತ್ತದೆ. ಎಳೆಯ ಮಕ್ಕಳಿಗೆ ಹೊಸ ನೀರು, ಹವೆಯಿಂದ ಜ್ವರ ನೆಗಡಿ ಬರುವುದೂ ಆ ದಿನಗಳಲ್ಲೇ.

ಕರಾರು ಮತ್ತು ಭೋಗ್ಯ

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಇರುವುದಕ್ಕೆ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಇಂದಿನ ಬಹುತೇಕ ಬಾಡಿಗೆದಾರರಿಗೆ ಕರಾರು ಪತ್ರವೇ ಮುಖ್ಯ ರಕ್ಷಣೆ. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಮುಂಗಡದ ಮಿತಿ ಸೂಚಿಸಿದೆ. ಆದರೆ ಮಾದರಿ ಕಾಯ್ದೆ ತಾನಾಗಿ ಜಾರಿಗೆ ಬರುವುದಿಲ್ಲ. ಅದಕ್ಕೆ ರಾಜ್ಯಗಳು ತಮ್ಮದೇ ಕಾನೂನು ಮಾಡಬೇಕು.

ಆದುದರಿಂದ ಸಹಿ ಹಾಕುವ ಮುನ್ನ ನಾಲ್ಕು ಸಂಗತಿಗಳು ಬರಹದಲ್ಲಿರಬೇಕು: ಮುಂಗಡದ ಮೊತ್ತ ಮತ್ತು ಅದನ್ನು ಹಿಂದಿರುಗಿಸುವ ಅವಧಿ, ಬಣ್ಣಕ್ಕೆ ಕಳೆಯುವ ಹಣದ ಮಿತಿ, ವರ್ಷಕ್ಕೆ ಬಾಡಿಗೆ ಏರುವ ಪ್ರಮಾಣ, ಮನೆ ಬಿಡಲು ಕೊಡಬೇಕಾದ ಸೂಚನೆಯ ಕಾಲ. ಹಣವನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಪಾವತಿಸಬೇಕು.

ಲಕ್ಷಗಟ್ಟಲೆ ಹಣ ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸುವ ಭೋಗ್ಯದ ವ್ಯವಸ್ಥೆ ಮೇಲ್ನೋಟಕ್ಕೆ ಆಕರ್ಷಕ. ಊರಿನಲ್ಲಿ ಜಾಗ ಮಾರಿದ ಹಣವಿರುವವರು ಇದಕ್ಕೆ ಬೇಗ ಒಲಿಯುತ್ತಾರೆ. ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಮಾಲೀಕರು ಕಂತು ಕಟ್ಟದಿದ್ದರೆ, ಅಥವಾ ಅವಧಿ ಮುಗಿದಾಗ ಅವರ ಬಳಿ ಹಣವಿಲ್ಲದಿದ್ದರೆ ಜೀವಮಾನದ ಉಳಿತಾಯ ಸಿಕ್ಕಿಬೀಳುತ್ತದೆ. ಋಣಭಾರ ಪ್ರಮಾಣಪತ್ರ ಪರಿಶೀಲಿಸದೆ, ಮಾಲೀಕರನ್ನು ಖುದ್ದು ಕಾಣದೆ, ಪತ್ರ ನೋಂದಣಿ ಮಾಡಿಸದೆ ಭೋಗ್ಯಕ್ಕೆ ಹಣ ಕೊಡಬಾರದು.

ಮನೆ ಎಲ್ಲಿರಬೇಕು?

ಕಚೇರಿಗೆ ಹತ್ತಿರವಿರುವ ಮನೆ ಹುಡುಕುವುದು ವಾಡಿಕೆ. ಎಳೆಯ ಮಗುವಿರುವ ಮನೆಯಲ್ಲಿ ಹಗಲಿಡೀ ಆ ಬಡಾವಣೆಯಲ್ಲಿ ಕಳೆಯುವವರು ತಾಯಿ ಮತ್ತು ಮಗು. ಅಂಗನವಾಡಿ ಅಥವಾ ಶಾಲೆ, ಆರೋಗ್ಯ ಕೇಂದ್ರ, ತರಕಾರಿ ಅಂಗಡಿ, ಬಸ್ ನಿಲ್ದಾಣ ನಡಿಗೆಯ ದೂರದಲ್ಲಿದ್ದರೆ ಶಾಲಾ ವ್ಯಾನು, ಆಟೊಗಳ ಖರ್ಚು ಉಳಿಯುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸುಗಳೇ ಹೆಚ್ಚಿರುವ ಕರಾವಳಿಯಿಂದ ಬಂದವರಿಗೆ ಬೆಂಗಳೂರಿನಲ್ಲಿ ಇದರ ಪ್ರಯೋಜನ ಹೆಚ್ಚು ಕಾಣುತ್ತದೆ. ಊರಿಗೆ ಹೋಗುವ ಕೆಂಪು ಬಸ್ಸಿಗೂ ಇದು ಅನ್ವಯ. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಅನ್ವಯಿಸದು. ಮೆಟ್ರೊ ನಿಲ್ದಾಣದ ಸಮೀಪವೆಂದು ಹೆಚ್ಚು ಬಾಡಿಗೆ ತೆರುವ ಮುನ್ನ, 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಅದರ ಗರಿಷ್ಠ ದರ 90 ರೂ.ಗೆ ಏರಿದ್ದನ್ನು ಲೆಕ್ಕಕ್ಕೆ ಹಿಡಿಯಬೇಕು.

ಬಾವಿಯ ನೀರು ಸೇದಿ ಅಭ್ಯಾಸವಿದ್ದವರು ಕೇಳಲು ಮರೆಯುವ ಪ್ರಶ್ನೆ ನೀರಿನದು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರದ ಹೊರವಲಯ ತತ್ತರಿಸಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತಾದರೂ ಮನೆಗೆ ಸಂಪರ್ಕವಿದೆಯೇ, ಇಲ್ಲದಿದ್ದರೆ ಟ್ಯಾಂಕರಿನ ಹಣ ಯಾರು ಕೊಡುತ್ತಾರೆ ಎಂಬುದನ್ನು ಅಕ್ಕಪಕ್ಕದ ಬಾಡಿಗೆದಾರರಲ್ಲಿ ವಿಚಾರಿಸುವುದು ಉತ್ತಮ.

ಯಾವಾಗ ಹೊರಡುವುದು?

ಏಪ್ರಿಲ್ ಮತ್ತು ಮೇ ತಿಂಗಳು ಸೂಕ್ತ. ಶಾಲಾ ವರ್ಷ ಮುಗಿದಿರುತ್ತದೆ, ಮಳೆ ಹಿಡಿದಿರುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ದಾರಿಯನ್ನು ನಂಬುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯ ಸಂಚಾರ ಸ್ಥಗಿತವಾಗಿತ್ತು. 2024ರ ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿಯೂ ಭೂಕುಸಿತವಾಯಿತು.

ಭಾರದ ಮಂಚ, ಕಪಾಟುಗಳನ್ನು ಘಟ್ಟ ಹತ್ತಿಸುವುದಕ್ಕಿಂತ ಊರಿನಲ್ಲೇ ಬಿಡುವುದು ಲೇಸು. ಹಾಸಿಗೆ, ಪಾತ್ರೆ, ಮಿಕ್ಸರ್, ಗ್ಯಾಸ್ ಒಲೆ, ಪುಸ್ತಕ ಸಾಕು. ಕುಚ್ಚಲಕ್ಕಿ, ತೆಂಗಿನಕಾಯಿ, ತೆಂಗಿನೆಣ್ಣೆಗಳನ್ನು ಹೋಗಿಬರುವಾಗಲೆಲ್ಲ ಒಯ್ದರೆ ತಿಂಗಳ ದಿನಸಿ ಖರ್ಚು ಇಳಿಯುತ್ತದೆ. ಆದರೆ ಕುಚ್ಚಲಕ್ಕಿ ಬೇಯಲು ಹೆಚ್ಚು ಹೊತ್ತು ಬೇಕು. ಊರಿನ ಸೌದೆ ಒಲೆಯಲ್ಲಿ ಗಮನಕ್ಕೆ ಬಾರದ ಈ ಖರ್ಚು ನಗರದಲ್ಲಿ ಗ್ಯಾಸಿನ ಮೇಲೆ ಬೀಳುತ್ತದೆ. ಜಿಲ್ಲೆಯ ಮನೆಗಳಲ್ಲಿ ಬಳಕೆಯಲ್ಲಿರುವ ಥರ್ಮಲ್ ಕುಕ್ಕರ್ ಇದಕ್ಕೆ ಪರಿಹಾರ. ಬಚ್ಚಲಿನ ಬಿಸಿನೀರಿಗೂ ಊರಿನಲ್ಲಿ ಸೌದೆ, ನಗರದಲ್ಲಿ ವಿದ್ಯುತ್ ಎಂಬುದನ್ನು ಮರೆಯುವಂತಿಲ್ಲ.

ಶಾಲೆ, ಅಂಗನವಾಡಿ, ಲಸಿಕೆ

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮಗು ಬೇರೆ ಶಾಲೆಗೆ ವರ್ಗವಾಗುವಾಗ ಮುಖ್ಯೋಪಾಧ್ಯಾಯರು ತಕ್ಷಣ ವರ್ಗಾವಣೆ ಪತ್ರ ನೀಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆಯು ಪ್ರವೇಶ ನಿರಾಕರಿಸುವಂತಿಲ್ಲ. ಖಾಸಗಿ ಶಾಲೆಯಲ್ಲಿ ಉಚಿತ ಸೀಟು ಸಿಗಬಹುದೆಂಬ ನಿರೀಕ್ಷೆ ಮಾತ್ರ ಬೇಡ. 2019ರಲ್ಲಿ ರಾಜ್ಯವು ನಿಯಮ ಬದಲಾಯಿಸಿದ ಬಳಿಕ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಖಾಸಗಿ ಶಾಲೆಗಳಿಗೆ ಶೇ. 25 ಮೀಸಲಿನ ಬಾಧ್ಯತೆ ಇಲ್ಲ. ಒಂದನೇ ತರಗತಿಯ ವಯೋಮಿತಿಯನ್ನು 2025–26ರಲ್ಲಿ ಸರಕಾರ 5 ವರ್ಷ 5 ತಿಂಗಳಿಗೆ ಸಡಿಲಿಸಿತ್ತು. ಆಯಾ ವರ್ಷದ ಆದೇಶ ನೋಡಿಯೇ ಪ್ರವೇಶಕ್ಕೆ ಹೋಗಬೇಕು.

ಆರು ವರ್ಷದೊಳಗಿನ ಮಗುವಿಗೆ ಸಮೀಪದ ಅಂಗನವಾಡಿಯಲ್ಲಿ ಹೆಸರು ನೋಂದಾಯಿಸಬಹುದು. ಲಸಿಕೆಯ ವಿವರವಿರುವ ತಾಯಿ ಕಾರ್ಡನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಅದನ್ನು ತೋರಿಸಿ ನಗರದ ಆರೋಗ್ಯ ಕೇಂದ್ರದಲ್ಲಿ ಉಳಿದ ಲಸಿಕೆಗಳನ್ನು ಉಚಿತವಾಗಿ ಹಾಕಿಸಬಹುದು. ಇ.ಎಸ್.ಐ. ವ್ಯಾಪ್ತಿಯ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂ.ವರೆಗಿನ ವೇತನದಲ್ಲಿರುವ ನೌಕರರ ಕುಟುಂಬಕ್ಕೂ ಇ.ಎಸ್.ಐ. ಚಿಕಿತ್ಸೆ ಲಭ್ಯ. ಸೇರಿದ ದಿನವೇ ಹೆಂಡತಿ ಮಕ್ಕಳ ಹೆಸರನ್ನು ಅದರಲ್ಲಿ ಸೇರಿಸಬೇಕು.

ಪಡಿತರ, ವಿದ್ಯುತ್, ಅಡುಗೆ ಅನಿಲ

ಊರಿನ ಪಡಿತರ ಚೀಟಿಯನ್ನು ಅವಸರದಲ್ಲಿ ರದ್ದುಪಡಿಸುವ ಅಗತ್ಯವಿಲ್ಲ. ಆಧಾರ್ ಜೋಡಣೆಯಾಗಿರುವ ಚೀಟಿಗೆ ಬೆರಳಚ್ಚು ನೀಡಿ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಪಡಿತರ ಪಡೆಯಬಹುದು. ಅತ್ತೆ ಮಾವಂದಿರ ಚೀಟಿಯಿಂದ ಹೆಸರು ಬೇರ್ಪಡಿಸುವ ಮುನ್ನ ಗೃಹಲಕ್ಷ್ಮಿಯ 2,000 ರೂ. ಆ ಚೀಟಿಯ ಯಜಮಾನಿಗೆ ಸಲ್ಲುತ್ತದೆ ಎಂಬುದನ್ನು ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳಬೇಕು.

ಗೃಹಜ್ಯೋತಿಯ ಉಚಿತ ವಿದ್ಯುತ್ತಿಗೆ ಬಾಡಿಗೆದಾರರೂ ಅರ್ಹರು. ಮನೆ ಬದಲಾಯಿಸುವಾಗ ಹಳೆಯ ಆರ್.ಆರ್. ಸಂಖ್ಯೆಯಿಂದ ಆಧಾರ್ ಜೋಡಣೆ ತೆಗೆಸಿ ಹೊಸ ಮನೆಯ ಸಂಖ್ಯೆಗೆ ನೋಂದಾಯಿಸಬೇಕು. ಬಾಡಿಗೆಗೆ ಹಿಡಿಯುವ ಮನೆಯ ಸಂಖ್ಯೆಗೆ ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಅಂಟಿಕೊಂಡಿದೆಯೇ ಎಂದು ಮೊದಲೇ ಕೇಳುವುದು ಒಳ್ಳೆಯದು.

ಅಡುಗೆ ಅನಿಲದ ಸಂಪರ್ಕವನ್ನು ಊರಿನ ವಿತರಕರಲ್ಲಿ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ಮತ್ತು ವರ್ಗಾವಣೆ ಚೀಟಿ ಪಡೆದು ಹೊಸ ವಿತರಕರಿಗೆ ವರ್ಗಾಯಿಸಬಹುದು. ವಯಸ್ಸಾದವರು ಮನೆಯಲ್ಲಿ ಉಳಿಯುವುದಾದರೆ ಅವರ ಒಲೆ ಆರದಂತೆ ನೋಡಿಕೊಂಡು, ನಗರದಲ್ಲಿ ತಾತ್ಕಾಲಿಕವಾಗಿ 5 ಕಿಲೋ ಸಿಲಿಂಡರ್ ಬಳಸಬಹುದು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಾವಣೆಗೆ ನಮೂನೆ 8 ಸಲ್ಲಿಸಬೇಕು.

ಊರಿನಲ್ಲಿ ನಿಂತುಹೋಗುವ ಆದಾಯ, ನಿಲ್ಲದ ಕಂತು

ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಬೀಡಿ ಕಟ್ಟುತ್ತಿದ್ದ ಮಹಿಳೆ ಬೆಂಗಳೂರಿಗೆ ಹೋದರೆ ಬೀಡಿ ಬ್ರಾಂಚಿನ ಸಂಪಾದನೆ ಅಲ್ಲಿಗೆ ನಿಲ್ಲುತ್ತದೆ. ಮೊತ್ತ ಸಣ್ಣದಾದರೂ ಮಗುವಿನ ಬಟ್ಟೆ, ಔಷಧಿ, ಸಂಘದ ಕಂತು ಅದರಿಂದಲೇ ನಡೆಯುತ್ತಿರುತ್ತದೆ. ಭವಿಷ್ಯನಿಧಿ ಖಾತೆ ಇದ್ದವರು ಊರು ಬಿಡುವ ಮೊದಲೇ ಯು.ಎ.ಎನ್. ಸಂಖ್ಯೆ, ಆಧಾರ್, ಬ್ಯಾಂಕ್ ಖಾತೆ ಹೊಂದಿಕೆಯಾಗಿವೆಯೇ ಎಂದು ನೋಡಿಕೊಳ್ಳಬೇಕು; ಹೆಸರಿನ ಒಂದು ಅಕ್ಷರ ವ್ಯತ್ಯಾಸವಾದರೂ ಮುಂದೆ ತೊಡಕು.

1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲೇ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳು ಈ ಭಾಗದಲ್ಲಿ ವ್ಯಾಪಕವಾಗಿವೆ. ಸಂಘದ ಸಾಲವಿದ್ದರೆ ವಾರದ ಕಂತು ಊರು ಬಿಟ್ಟರೂ ನಿಲ್ಲದು. ತಪ್ಪಿದರೆ ಮುಜುಗರ ಉಳಿದ ಸದಸ್ಯರದ್ದೂ ಹೌದು. ಹೊರಡುವ ಮುನ್ನ ಸಾಲ ತೀರಿಸಬೇಕು, ಇಲ್ಲವೇ ಕಂತನ್ನು ನಗರದ ತಿಂಗಳ ಖರ್ಚಿನ ಪಟ್ಟಿಯಲ್ಲಿ ಬಾಡಿಗೆಯ ಕೆಳಗೇ ಬರೆಯಬೇಕು. ಸಹಕಾರಿ ಸಂಘದಲ್ಲಿ ಅಡವಿಟ್ಟ ಚಿನ್ನದ ಬಡ್ಡಿಗೂ ಇದೇ ಮಾತು. ಮನೆಯ ಹಿರಿಯರಿಗೆ ಕಳುಹಿಸುವ ಹಣ ಉಳಿದರೆ ಕೊಡುವ ಹಣವಲ್ಲ, ಅದೂ ಪಟ್ಟಿಯಲ್ಲಿರಬೇಕು.

ಮಂಗಳೂರಾದರೆ?

ಕೆಲಸದ ಆಯ್ಕೆ ಇದ್ದವರು ಮಂಗಳೂರು, ಮೂಡುಬಿದಿರೆ, ಉಜಿರೆಗಳನ್ನೂ ಪರಿಗಣಿಸಬಹುದು. ಸಂಬಳ ಕಡಿಮೆಯಾದರೂ ಭಾಷೆ, ಊಟ, ಶಾಲೆ ಬದಲಾಗುವುದಿಲ್ಲ. ಮೂಡುಬಿದಿರೆ, ಉಜಿರೆಗೆ ಮನೆಯಿಂದಲೇ ಹೋಗಿಬರಬಹುದು. ಮಂಗಳೂರಿಗೆ ನಿತ್ಯ ಹೋಗಿಬರುವುದು ಆಯಾಸಕರ; ಒಂದು ಬದಿಗೆ ಸುಮಾರು ಎರಡು ಗಂಟೆ ಬೇಕು. ಬೆಂಗಳೂರಿನ ಸಂಬಳದಿಂದ ಬಾಡಿಗೆ, ನೀರು, ಗ್ಯಾಸ್, ಪ್ರಯಾಣ, ನಿಂತುಹೋದ ಬೀಡಿ ಆದಾಯವನ್ನು ಕಳೆದು ನೋಡಿದಾಗ ಕೈಯಲ್ಲಿ ಉಳಿಯುವ ಹಣ ಹತ್ತಿರದ ಪೇಟೆಯ ಉಳಿತಾಯಕ್ಕಿಂತ ಗಣನೀಯವಾಗಿ ಹೆಚ್ಚಿದ್ದರೆ ಮಾತ್ರ ಘಟ್ಟ ಹತ್ತುವುದಕ್ಕೆ ಅರ್ಥವಿದೆ. ಆಗಲೂ ಊರಿನ ಮನೆ, ಚೀಟಿ, ಸಂಘದ ಸಂಬಂಧಗಳನ್ನು ಮೊದಲ ವರ್ಷ ಹಾಗೆಯೇ ಕಾಯ್ದುಕೊಂಡವರಿಗೆ, ನೌಕರಿ ಕೈಕೊಟ್ಟರೂ ಹಿಂದಿರುಗುವ ದಾರಿ ತೆರೆದಿರುತ್ತದೆ.