ಕನ್ನಡಕದವರೂ ದೂರಮಾಪಕದ ಕ್ಯಾಮೆರವೂ

ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹಾದಿಯಲ್ಲಿ ಆಯನೂರೆಂಬ ಊರಿರುವುದನ್ನು ಜೋಗವನ್ನು ನೋಡಹೋದ ಮಹಾಶಯರು ಬಲ್ಲರು. ಅಲ್ಲಿ ನನ್ನ ಸೋದರತ್ತೆಯವರ ಮನೆ. ಕೆಲವು ವರ್ಷಗಳ ಹಿಂದೆ, ಅಡಕೆಯ ಕೊಯ್ಲಿನ ಕಾಲದಲ್ಲಿ, ಬೇಯಿಸಿ ಒಣಹಾಕಿದ್ದ ಅಡಕೆಯ ಚಪ್ಪರದ ಮುಂದೆ ಅವರನ್ನು ಕೂರಿಸಿ ಹಳೆಯ ಜರ್ಮನ್ ಕ್ಯಾಮೆರವೊಂದನ್ನು ಕಣ್ಣಿಗೇರಿಸಿದೆ. "ಕನ್ನಡಕ ತೆಗೆಯಲೇನೋ?" ಎಂದು ಅತ್ತೆ ಕೇಳಿದರು. "ಬೇಡಿ ಅತ್ತೆ, ನಾನೇ ತೆಗೆಯುತ್ತೇನೆ" ಎಂದೆನು. ಫಿಲ್ಮು ತೊಳೆದು ಬಂದಾಗ ಹಿಂದಣ ಅಡಕೆಯನ್ನು ಒಂದೊಂದಾಗಿ ಎಣಿಸಬಹುದಾಗಿತ್ತು; ಅತ್ತೆಯ ಮುಖ ಮಾತ್ರ ಮಸುಕಾಗಿತ್ತು.

ನಮ್ಮ ನಾಡಿಗೆ ಕನ್ನಡಕ ಹೊಸದಲ್ಲ. ವಿಜಯನಗರದ ರಾಜಗುರುಗಳಾದ ವ್ಯಾಸರಾಯರು ಗ್ರಂಥಾವಲೋಕನ ಮಾಡುವಾಗ ಉಪಲೋಚನಗೋಲಕವನ್ನು ಬಳಸಿದರೆಂದು ಅವರ ಸಮಕಾಲೀನನಾದ ಸೋಮನಾಥಕವಿಯು ವ್ಯಾಸಯೋಗಿಚರಿತದಲ್ಲಿ ಹೇಳಿರುವನು. ಇದು ಕನ್ನಡಕವೇ ಎಂದು ಪಿ. ಕೆ. ಗೋಡೆಯವರು ಬರೆದಿದ್ದಾರೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಮೂಲಕ ಅದು ಬಂದಿರಬೇಕೆಂಬ ಊಹೆ ಸಹಜವಾದುದೇ. ಆದರೆ ವ್ಯಾಸರಾಯರ ಕಣ್ಣಿಗೂ ಓಲೆಗೂ ನಡುವೆ ಒಂದೇ ಗಾಜು. ನಮ್ಮ ಕಷ್ಟವು ಎರಡನೆಯ ಗಾಜಿನಿಂದ ಬಂದುದು.

ಮರದ ದೊಡ್ಡ ಕ್ಯಾಮೆರಗಳ ಕಾಲದಲ್ಲಿ ಈ ತೊಂದರೆಯಿರಲಿಲ್ಲ. ಕರಿಯ ಬಟ್ಟೆಯೊಳಗೆ ತಲೆಯಿಟ್ಟು, ಉಜ್ಜಿದ ಗಾಜಿನ ಮೇಲೆ ಬಿದ್ದ ಬಿಂಬವನ್ನು ಪುಸ್ತಕದಂತೆ ದೂರ ಹಿಡಿದು ನೋಡುತ್ತಿದ್ದರು. 1925ರಲ್ಲಿ ಲೈಕಾ ಮಾರಾಟಕ್ಕೆ ಬಂದ ಮೇಲೆ ಕಣ್ಣನ್ನು ಕಿಂಡಿಗೆ ಒತ್ತುವುದು ರೂಢಿಯಾಯಿತು. 1932ರಲ್ಲಿ ಲೈಕಾದ ಎರಡನೆಯ ಮಾದರಿಯೂ ಕಾಂಟ್ಯಾಕ್ಸೂ ದೂರಮಾಪಕವನ್ನು ಮಸೂರಕ್ಕೆ ಜೋಡಿಸಿದುವು. ಇದರ ಕ್ರಮ ಸರಳ: ಅಂತರದಲ್ಲಿರುವ ಎರಡು ಕಿಂಡಿಗಳಿಂದ ಒಂದೇ ವಸ್ತುವಿನ ಎರಡು ಬಿಂಬಗಳು ಬರುವುವು, ಮಸೂರವನ್ನು ತಿರುಗಿಸಿ ಅವನ್ನು ಒಂದಾಗಿಸಿದರೆ ದೂರವು ಸರಿಯಾಯಿತು. ಬಿಂಬಗಳೇ ಮಸುಕಾದವನಿಗೆ ಅವು ಕೂಡಿದುವೋ ಇಲ್ಲವೋ ಎಂಬುದು ತಿಳಿಯುವ ಬಗೆ ಹೇಗೆ? ನನ್ನ ಅಪರಾಧವಿದೇ.

ಕನ್ನಡಕವನ್ನು ಧರಿಸಿಯೇ ನೋಡಬಾರದೇಕೆ ಎಂದು ತಾವು ಕೇಳಬಹುದು. ಬೀಗದ ಕಿಂಡಿಯಲ್ಲಿ ಇಣಿಕಿದವರಿಗೆ ಉತ್ತರ ಗೊತ್ತು. ಕಣ್ಣು ದೂರವಾದಷ್ಟೂ ಒಳಗಿನ ಕೋಣೆ ಕಿರಿದಾಗುವುದು. ಕನ್ನಡಕವು ಕಣ್ಣನ್ನು ಹಿಂದಕ್ಕೆ ತಳ್ಳುವುದರಿಂದ ಚಿತ್ರದ ಅಂಚುಗಳು ಕಾಣವು. ಕಿಂಡಿಯ ಸುತ್ತಲಿನ ಲೋಹದ ಬಳೆಯು ಗಾಜನ್ನು ಗೀಚುವುದು ಬೇರೆ.

1933ರ ಮೂರನೆಯ ಮಾದರಿಯ ಲೈಕಾದಲ್ಲಿ ದೂರಮಾಪಕವನ್ನು ನೋಡುವವನ ದೃಷ್ಟಿಗೆ ಹೊಂದಿಸುವ ಸಣ್ಣ ಸನ್ನೆಯನ್ನಿಟ್ಟರು. ಮುಂದೆ ಕಿಂಡಿಗೇ ತಿರುಪಿನಿಂದ ಸೇರಿಸುವ ಗಾಜುಗಳು ಬಂದುವು. ಹ್ರಸ್ವದೃಷ್ಟಿಗೂ ದೀರ್ಘದೃಷ್ಟಿಗೂ ಇವು ಸಾಕು. ಆದರೆ ಅಸಮದೃಷ್ಟಿಯವರ ಗಾಜಿಗೆ ನಿಶ್ಚಿತವಾದ ಓರೆಯುಂಟಷ್ಟೆ. ಕ್ಯಾಮೆರವನ್ನು ನೆಟ್ಟಗೆ ತಿರುಗಿಸಿದೊಡನೆ ಗಾಜೂ ತಿರುಗುವುದು, ಕಣ್ಣು ತಿರುಗದು! ನಾನು ಈ ನತದೃಷ್ಟರ ಪಂಕ್ತಿಯವನು.

1954ರ ಎಂ-3 ಮಾದರಿಯಲ್ಲಿ ನೋಟದ ಕಿಂಡಿಯೂ ದೂರಮಾಪಕವೂ ಒಂದಾದುವು. ಅದರಲ್ಲಿ ಲೋಕವು 0.91ರಷ್ಟು, ಎಂದರೆ ಹೆಚ್ಚುಕಡಮೆ ಇದ್ದಂತೆಯೇ ಕಾಣುವುದು. ಬಿಂಬ ದೊಡ್ಡದಾದಷ್ಟೂ ದೂರದ ಅಳತೆ ನಿಷ್ಕೃಷ್ಟ. ಆದರೆ ಕನ್ನಡಕದವನಿಗೆ ಅಂಚು ಅಷ್ಟೇ ಅಗಮ್ಯ. ಬಳಿಕ ಬಂದ ಎಂ-2ರಲ್ಲಿ ಇದು 0.72ಕ್ಕೆ ಇಳಿಯಿತು. 2000ದ ಸುಮಾರಿನಲ್ಲಿ ಎಂ-6ರ ಒಂದು ಬಗೆಯಲ್ಲಿ 0.58ಕ್ಕೂ ಇಳಿಸಿದರು, ನಮ್ಮಂಥವರು ಅದನ್ನು ಹುಡುಕಿ ಕೊಂಡರು. ವಿನೋದವೇನೆಂದರೆ, ಎಂ-3ರ ಕಿಂಡಿಯಲ್ಲಿ 35 ಮಿಲಿಮೀಟರಿನ ನೋಟ ಹಿಡಿಸದೆ, ಆ ಮಸೂರಕ್ಕೆ ಎರಡು ಗಾಜುಗಳನ್ನು ಅಂಟಿಸಿ ಕಿಂಡಿಗಳ ಮುಂದೆ ನಿಲ್ಲಿಸಿದ್ದರು. ಕ್ಯಾಮೆರವೇ ಕನ್ನಡಕ ಹಾಕಿಕೊಂಡಿತು. 2017ರ ಎಂ-10ರಲ್ಲಿ ಕಣ್ಣನ್ನು ತುಸು ದೂರವಿಟ್ಟೂ ನೋಡುವಂತೆ ಕಿಂಡಿಯನ್ನು ತಿದ್ದಿದರು. ಅದರ ಬೆಲೆ ಅಧ್ಯಾಪಕರಿಗೆ ಹೇಳಿದುದಲ್ಲ.

ನಾನೀಗ ಕಿಂಡಿಯ ಬಳೆಗೆ ರಬ್ಬರಿನ ಪಟ್ಟಿಯನ್ನಂಟಿಸಿ, ಕನ್ನಡಕದೊಡನೆಯೇ ನೋಡುತ್ತೇನೆ. ಮೊದಲು ನಡುವೆ ಬಿಂಬಗಳನ್ನು ಕೂಡಿಸಿ, ಆಮೇಲೆ ಕಣ್ಣನ್ನು ಎಡಕ್ಕೂ ಬಲಕ್ಕೂ ಸರಿಸಿ ಅಂಚುಗಳನ್ನು ಅರಸುತ್ತೇನೆ. ಅಷ್ಟರಲ್ಲಿ ಮಕ್ಕಳು ಎದ್ದು ಹೋಗಿರುತ್ತಾರೆ, ಹಿರಿಯರು ಕಾಯುತ್ತಾರೆ.

ಅತ್ತೆಯವರು ಮುಂದಿನ ಕೊಯ್ಲಿಗೆ ಇರಲಿಲ್ಲ. ಬೇರೆ ಚಿತ್ರವಿಲ್ಲದುದರಿಂದ ನಾನು ತೆಗೆದುದೇ ಆಯನೂರಿನ ನಡುಮನೆಯಲ್ಲಿ ತೂಗುತ್ತಿದೆ. ಅಡಕೆ ಕೊಳ್ಳಬಂದ ವ್ಯಾಪಾರಿಯೊಬ್ಬರು ಅದನ್ನು ನೋಡಿ, ಆ ವರುಷದ ಮಾಲು ಬಹಳ ಚೆನ್ನಾಗಿತ್ತೆಂದರಂತೆ.