ಪುನರ್‌ನಿರ್ಮಿತ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಚಾಸಿ ಹಾಗೂ ಎಂಜಿನ್ ಸಂಖ್ಯೆಗಳನ್ನು ಪತ್ತೆ ಹಚ್ಚುವ ಕುರಿತು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆ ಹೋಬಳಿ ಹಾಗೂ ಮೂಡಿಗೆರೆ, ಕಳಸ ಭಾಗದ ಕಾಫಿ ತೋಟಗಳಲ್ಲಿ ಹಿಂದಿನ ತಲೆಮಾರಿನವರು ಬಳಸಿದ ಕಾರು, ಜೀಪುಗಳನ್ನು ದುರಸ್ತಿಗೊಳಿಸಿ ಮರಳಿ ರಸ್ತೆಗೆ ತರಲು ಬಯಸುವ ಮಾಲೀಕರು ಚಿಕ್ಕಮಗಳೂರಿನ ಪ್ರಾದೇಶಿಕ ಸಾರಿಗೆ ಕಚೇರಿಗೆ (ಕೆಎ-18) ಅರ್ಜಿ ಸಲ್ಲಿಸಬೇಕಾಗುತ್ತದೆ. ನೋಂದಣಿ, ನವೀಕರಣ, ಮಾಲೀಕತ್ವ ವರ್ಗಾವಣೆ ಇವುಗಳಲ್ಲಿ ಯಾವ ಸೇವೆಯೇ ಆಗಲಿ, ವಾಹನದ ಲೋಹದ ಮೇಲಿರುವ ಸಂಖ್ಯೆಯೂ ದಾಖಲೆಯಲ್ಲಿರುವ ಸಂಖ್ಯೆಯೂ ಒಂದೇ ಎಂಬುದು ದೃಢಪಡಬೇಕು. ಪುನರ್‌ನಿರ್ಮಾಣದ ಸಮಯದಲ್ಲಿ ಅರಿವಿಲ್ಲದೆ ಸಂಖ್ಯೆಯನ್ನು ಅಳಿಸಿದಲ್ಲಿ, ಎಷ್ಟೇ ವೆಚ್ಚ ಮಾಡಿ ಸಿದ್ಧಪಡಿಸಿದ ವಾಹನವಾದರೂ ಗುರುತಿಲ್ಲದ ವಾಹನವಾಗುತ್ತದೆ. ಆದುದರಿಂದ ಬಣ್ಣ ತೆಗೆಯುವ ಹಾಗೂ ಬೆಸುಗೆ ಹಾಕುವ ಕೆಲಸಕ್ಕೆ ಮುನ್ನವೇ ಸಂಖ್ಯೆಗಳನ್ನು ಪತ್ತೆ ಹಚ್ಚಿಕೊಳ್ಳುವುದು ಮಾಲೀಕರ ಹಿತದೃಷ್ಟಿಯಿಂದ ಅತ್ಯವಶ್ಯಕ.

2. ಹಳೆಯ ವಾಹನಗಳ ಸಂಖ್ಯೆಗಳ ಸ್ವರೂಪ

ಇಂದಿನ ವಾಹನಗಳಲ್ಲಿ 17 ಅಂಕಿ-ಅಕ್ಷರಗಳ ಗುರುತಿನ ಸಂಖ್ಯೆ ಇರುತ್ತದೆ. ಇದರಲ್ಲಿ ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದಿಲ್ಲ. ಅಮೆರಿಕದಲ್ಲಿ 1981ರ ಮಾದರಿಗಳಿಂದ ಕಡ್ಡಾಯವಾದ ಈ ಪದ್ಧತಿ ಅದಕ್ಕೂ ಹಿಂದಿನ ಕಾರುಗಳಿಗೆ ಅನ್ವಯಿಸುವುದಿಲ್ಲ. ಆ ಕಾಲದಲ್ಲಿ ಪ್ರತಿಯೊಂದು ಕಂಪನಿಯೂ ತನ್ನದೇ ಆದ ಕ್ರಮವನ್ನು ಅನುಸರಿಸುತ್ತಿತ್ತು. ಉದಾಹರಣೆಗೆ, ಎಂಜಿ ಕಂಪನಿಯು ತನ್ನ ಅಬಿಂಗ್ಡನ್ ಕಾರ್ಖಾನೆಯ ದೂರವಾಣಿ ಸಂಖ್ಯೆ 251 ಆಗಿದ್ದುದರಿಂದ ಚಾಸಿ ಸಂಖ್ಯೆಗಳನ್ನು 251ರಿಂದಲೇ ಆರಂಭಿಸುತ್ತಿತ್ತು. ಆದುದರಿಂದ ಟಿಸಿ ಮಾದರಿಯ ಕಾರಿನಲ್ಲಿ "ಟಿಸಿ" ಅಕ್ಷರಗಳು ಹಾಗೂ ನಾಲ್ಕೈದು ಅಂಕಿಗಳಷ್ಟೇ ಕಂಡುಬಂದಲ್ಲಿ ಸಂಖ್ಯೆ ಅಪೂರ್ಣವೆಂದು ಭಾವಿಸಬೇಕಾಗಿಲ್ಲ.

ಸಾಮಾನ್ಯವಾಗಿ ಹಳೆಯ ಕಾರಿನಲ್ಲಿ ಈ ಕೆಳಕಂಡ ಸಂಖ್ಯೆಗಳು ಇರುತ್ತವೆ:

ಅ) ಚಾಸಿ ಸಂಖ್ಯೆ - ಚೌಕಟ್ಟಿನ ಲೋಹದ ಮೇಲೆ ಅಚ್ಚೊತ್ತಿದ್ದು.
ಆ) ತಯಾರಕರ ಫಲಕ - ಎಂಜಿನ್ ಕೋಣೆಯ ಹಿಂಗೋಡೆಗೆ ರಿವೆಟ್ ಮಾಡಿದ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಗಡು.
ಇ) ಎಂಜಿನ್ ಸಂಖ್ಯೆ.
ಈ) ಬಾಡಿ ಸಂಖ್ಯೆ ಹಾಗೂ ಗೇರ್‌ಬಾಕ್ಸ್ ಸಂಖ್ಯೆ.

ಇವುಗಳಲ್ಲಿ ಫಲಕವನ್ನು ಕಳಚಿ ಬೇರೊಂದು ವಾಹನಕ್ಕೆ ಅಳವಡಿಸಲು ಸಾಧ್ಯ. ಆದುದರಿಂದ ಫಲಕವೊಂದನ್ನೇ ನಂಬದೆ, ಲೋಹದ ಮೇಲೆ ಅಚ್ಚೊತ್ತಿದ ಸಂಖ್ಯೆಯನ್ನು ಹುಡುಕತಕ್ಕದ್ದು.

3. ಸಂಖ್ಯೆಗಳು ಇರುವ ಸ್ಥಳಗಳು

ಕೆಲವು ಮಾದರಿಗಳ ವಿವರ ಈ ಕೆಳಕಂಡಂತಿದೆ:

ಅ) ಎಂಜಿ ಟಿಸಿ (1945-1949): ಚಾಸಿ ಸಂಖ್ಯೆಯು ಚೌಕಟ್ಟಿನ ಎಡಬದಿಯ ಮುಂಭಾಗದಲ್ಲಿರುತ್ತದೆ. ಎಂಜಿನ್ ಸಂಖ್ಯೆಯು ಎಂಟು ಮೂಲೆಗಳ ಹಿತ್ತಾಳೆ ಫಲಕದ ಮೇಲಿದ್ದು, "ಎಕ್ಸ್‌ಪಿಎಜಿ" ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ.

ಆ) ಜಾಗ್ವಾರ್ ಎಕ್ಸ್‌ಕೆ 120 (1948-1954): ಚಾಸಿ ಸಂಖ್ಯೆಯು ಎಡಬದಿಯ ಚೌಕಟ್ಟಿನ ಮೇಲೆ, ಫ್ಲೈವೀಲ್ ಕವಚದ ಎದುರಿಗೆ ಇರುತ್ತದೆ. ಎಂಜಿನ್ ಸಂಖ್ಯೆಯು ಆಯಿಲ್ ಫಿಲ್ಟರ್‌ನ ಮೇಲ್ಭಾಗದಲ್ಲಿ ಬ್ಲಾಕ್ ಮೇಲಿದ್ದು, ಅದೇ ಸಂಖ್ಯೆ ಸಿಲಿಂಡರ್ ಹೆಡ್‌ನ ಮುಂತುದಿಯಲ್ಲಿಯೂ ಇರುತ್ತದೆ. ಕೊನೆಯಲ್ಲಿರುವ 7 ಅಥವಾ 8 ಎಂಬ ಅಂಕಿಯು ಎಂಜಿನ್‌ನ ಕಂಪ್ರೆಶನ್ ಅನುಪಾತವನ್ನು ಸೂಚಿಸುತ್ತದೆ. ಬ್ಲಾಕ್ ಮತ್ತು ಹೆಡ್‌ಗಳ ಸಂಖ್ಯೆ ಬೇರೆಬೇರೆಯಾಗಿದ್ದಲ್ಲಿ, ಇವೆರಡರಲ್ಲಿ ಒಂದನ್ನು ಹಿಂದೆ ಬದಲಾಯಿಸಲಾಗಿದೆ ಎಂದು ತಿಳಿಯಬಹುದು.

ಇ) ಪೋರ್ಷೆ 356: ಚಾಸಿ ಸಂಖ್ಯೆಯ ಕೊನೆಯ ಅಂಕಿಗಳನ್ನು ಬಾನೆಟ್, ಎಂಜಿನ್ ಮುಚ್ಚಳ ಹಾಗೂ ಬಾಗಿಲುಗಳ ಮರೆಯಾದ ಭಾಗಗಳಲ್ಲಿಯೂ ಅಚ್ಚೊತ್ತಲಾಗಿರುತ್ತದೆ. ಭಾಗಗಳು ಮೂಲ ಕಾರಿನವೇ ಎಂಬುದನ್ನು ಇದರಿಂದ ಪರಿಶೀಲಿಸಬಹುದು.

ಈ) ಫೋಕ್ಸ್‌ವ್ಯಾಗನ್ ಬೀಟಲ್: ಚಾಸಿ ಸಂಖ್ಯೆಯು ಹಿಂದಿನ ಆಸನದ ಅಡಿಯಲ್ಲಿ ನಡುಸುರಂಗದ ಮೇಲಿರುತ್ತದೆ. ಎಂಜಿನ್ ಸಂಖ್ಯೆಯು ಡೈನಮೋ ಪೀಠದ ಕೆಳಗೆ ಇರುತ್ತದೆ.

ಉ) ಎರಡನೇ ಮಹಾಯುದ್ಧ ಕಾಲದ ವಿಲ್ಲಿಸ್ ಜೀಪು: ಸ್ಪೋರ್ಟ್ಸ್ ಕಾರಲ್ಲದಿದ್ದರೂ ಮಲೆನಾಡಿನಲ್ಲಿ ಪರಿಚಿತವಾದ ವಾಹನವಾದ್ದರಿಂದ ಇಲ್ಲಿ ಸೇರಿಸಲಾಗಿದೆ. ಚೌಕಟ್ಟಿನ ಸಂಖ್ಯೆಯ ಸಣ್ಣ ಫಲಕವು ಮುಂಭಾಗದ ಬಂಪರ್‌ನ ಹಿಂದೆ, ಎಡ ಚೌಕಟ್ಟಿನ ಒಳಬದಿಯಲ್ಲಿರುತ್ತದೆ. ಇದೇ ಮಾದರಿಯನ್ನು ಫೋರ್ಡ್ ಕಂಪನಿ ತಯಾರಿಸಿದ್ದಲ್ಲಿ ಸಂಖ್ಯೆಯು ಎಡ ಚೌಕಟ್ಟಿನ ಮೇಲ್ಮೈಯ ಮೇಲೆಯೇ ಅಚ್ಚಾಗಿರುತ್ತದೆ.

4. ಪತ್ತೆ ಹಚ್ಚುವ ಕ್ರಮ

ಮಲೆನಾಡಿನ ದೀರ್ಘ ಮಳೆಗಾಲ ಹಾಗೂ ತೇವಾಂಶದಿಂದ ಚೌಕಟ್ಟಿನ ಮೇಲೆ ತುಕ್ಕು, ಗ್ರೀಸ್ ಹಾಗೂ ಹಲವು ಪದರಗಳ ಬಣ್ಣ ಕೂಡಿಕೊಂಡಿರುತ್ತವೆ. ಹೀಗಾಗಿ ಸಂಖ್ಯೆ ಅಳಿದಿಲ್ಲದಿದ್ದರೂ ಕಣ್ಣಿಗೆ ಕಾಣದೆ ಹೋಗಬಹುದು. ಅಂತಹ ಸಂದರ್ಭದಲ್ಲಿ ಈ ಕೆಳಕಂಡ ಕ್ರಮವನ್ನು ಅನುಸರಿಸತಕ್ಕದ್ದು:

1) ಮೊದಲಿಗೆ ಹಳೆಯ ನೋಂದಣಿ ಪ್ರಮಾಣಪತ್ರ, ವಿಮಾ ಪತ್ರ, ತೆರಿಗೆ ರಸೀದಿಗಳನ್ನು ಒಟ್ಟುಗೂಡಿಸಿ ಅವುಗಳಲ್ಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಹುಡುಕಬೇಕಾದ ಸಂಖ್ಯೆ ತಿಳಿದಿದ್ದಲ್ಲಿ ಮಸುಕಾದ ಅಂಕಿಯನ್ನು ಗುರುತಿಸುವುದು ಸುಲಭ.

2) ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆತ್ತಗೆ ಒರೆಸುವುದು. ಬಣ್ಣವನ್ನು ರಾಸಾಯನಿಕ ದ್ರಾವಣದಿಂದ ಮೃದುಗೊಳಿಸಿ ಮರದ ಚೂರಿನಿಂದ ತೆಗೆಯುವುದು.

3) ಗ್ರೈಂಡರ್, ತಂತಿ ಚಕ್ರ, ಒರಟು ಉಪ್ಪುಕಾಗದ ಇವುಗಳನ್ನು ಯಾವುದೇ ಕಾರಣಕ್ಕೂ ಬಳಸಬಾರದು. ಮರಳು ಸಿಡಿಸಿ ತುಕ್ಕು ತೆಗೆಸುವುದಾದಲ್ಲಿ ಸಂಖ್ಯೆಯಿರುವ ಭಾಗವನ್ನು ದಪ್ಪ ಟೇಪಿನಿಂದ ಮುಚ್ಚುವಂತೆ ಗ್ಯಾರೇಜಿನವರಿಗೆ ಮೊದಲೇ ತಿಳಿಸುವುದು.

4) ಟಾರ್ಚ್ ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಡುವುದು. ಓರೆ ಬೆಳಕಿನಲ್ಲಿ ಆಳವಿಲ್ಲದ ಅಚ್ಚೂ ನೆರಳಾಗಿ ಕಾಣುತ್ತದೆ. ಕೈಗೆಟುಕದ ಭಾಗಕ್ಕೆ ಸಣ್ಣ ಕನ್ನಡಿ ಬಳಸಬಹುದು. ಆದರೆ ಕನ್ನಡಿಯಲ್ಲಿ ಸಂಖ್ಯೆ ತಿರುಗುಮುರುಗಾಗಿ ಕಾಣುವುದನ್ನು ಗಮನದಲ್ಲಿಡುವುದು.

5) ತೆಳು ಕಾಗದವನ್ನಿಟ್ಟು ಮೃದು ಪೆನ್ಸಿಲ್‌ನಿಂದ ಉಜ್ಜಿ ಪ್ರತಿ ತೆಗೆಯುವುದು. ಇದೇ ಪೆನ್ಸಿಲ್ ಪ್ರಿಂಟ್. ನೋಂದಣಿಗೆ ಸಂಬಂಧಿಸಿದ ನಮೂನೆ 20 ಹಾಗೂ ನಿರಾಕ್ಷೇಪಣೆಗೆ ಸಂಬಂಧಿಸಿದ ನಮೂನೆ 28ರಲ್ಲಿ ಇದನ್ನು ಅಂಟಿಸಲು ಸ್ಥಳ ನೀಡಲಾಗಿದೆ.

6) 1 ಮತ್ತು 7, 3 ಮತ್ತು 8, 0 ಮತ್ತು 6 ಇವುಗಳಲ್ಲಿ ಗೊಂದಲವಾಗುವ ಸಾಧ್ಯತೆ ಇರುವುದರಿಂದ ಎರಡು-ಮೂರು ಪ್ರತಿಗಳನ್ನು ತೆಗೆದು ಹೋಲಿಸುವುದು. ದುರಸ್ತಿಗೆ ಮುನ್ನ ಹಾಗೂ ನಂತರ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳುವುದು.

5. ದಾಖಲೆಗಳೊಂದಿಗೆ ಹೋಲಿಕೆ

ನೋಂದಣಿ ಪ್ರಮಾಣಪತ್ರ ಕಳೆದುಹೋಗಿದ್ದಲ್ಲಿ, ವಾಹನ ನೋಂದಣಿಯಾಗಿದ್ದ ಕಚೇರಿಯಿಂದ ಬಿ-ರಿಜಿಸ್ಟರ್ ನಕಲಿಗಾಗಿ ಅರ್ಜಿ ಸಲ್ಲಿಸಬಹುದು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1 ನವೆಂಬರ್ 1973ರಂದು. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಮೈಸೂರು ರಾಜ್ಯವನ್ನು ಸೂಚಿಸುವ "ಎಂವೈ" ಎಂಬ ಅಕ್ಷರಗಳಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದ್ದಲ್ಲಿ ಅದು ಸಹಜವಾದುದು.

ತಯಾರಕರ ದಾಖಲೆಗಳೂ ನೆರವಾಗುತ್ತವೆ. ಉದಾಹರಣೆಗೆ, ಇಂಗ್ಲೆಂಡಿನ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ನೀಡುವ ಪ್ರಮಾಣಪತ್ರದಲ್ಲಿ ಕಾರ್ಖಾನೆಯಿಂದ ಹೊರಟಾಗಿನ ಚಾಸಿ, ಎಂಜಿನ್, ಬಾಡಿ, ಗೇರ್‌ಬಾಕ್ಸ್ ಸಂಖ್ಯೆಗಳು ಹಾಗೂ ಮೂಲ ಬಣ್ಣದ ವಿವರ ಇರುತ್ತವೆ. ಆದರೆ ಇಂತಹ ಪ್ರಮಾಣಪತ್ರವು ವಾಹನದ ಮೂಲವನ್ನು ತಿಳಿಸುತ್ತದೆಯೇ ಹೊರತು ಮಾಲೀಕತ್ವವನ್ನಲ್ಲ.

6. ಸಂಖ್ಯೆ ದೊರೆಯದಿದ್ದಲ್ಲಿ ಅಥವಾ ಹೊಂದಿಕೆಯಾಗದಿದ್ದಲ್ಲಿ

ಮಾಲೀಕರಾಗಲಿ ಗ್ಯಾರೇಜಿನವರಾಗಲಿ ತಾವೇ ಸಂಖ್ಯೆಯನ್ನು ಅಚ್ಚೊತ್ತತಕ್ಕದ್ದಲ್ಲ. ಉದ್ದೇಶ ಒಳ್ಳೆಯದಾಗಿದ್ದರೂ ಹೊಸ ಅಚ್ಚು ಕಂಡುಬಂದ ವಾಹನದ ಬಗ್ಗೆ ಕಳ್ಳತನದ ಶಂಕೆ ಮೂಡುವುದು ಸಹಜ. ವಾಹನವನ್ನು ಇರುವ ಸ್ಥಿತಿಯಲ್ಲಿಯೇ ನೋಂದಣಿ ಪ್ರಾಧಿಕಾರದ ಪರಿಶೀಲನೆಗೆ ಹಾಜರುಪಡಿಸಿ, ಲಿಖಿತ ಮನವಿ ಸಲ್ಲಿಸಿ, ಪ್ರಾಧಿಕಾರದ ಸೂಚನೆಯಂತೆ ನಡೆದುಕೊಳ್ಳತಕ್ಕದ್ದು.

ಉಜ್ಜಿ ಅಳಿಸಿದ ಸಂಖ್ಯೆಯೂ ಅನೇಕ ಸಂದರ್ಭಗಳಲ್ಲಿ ಪೂರ್ಣವಾಗಿ ನಾಶವಾಗಿರುವುದಿಲ್ಲ. ಅಚ್ಚೊತ್ತುವಾಗ ಅಂಕಿಯ ಕೆಳಗಿನ ಲೋಹವೂ ಒತ್ತಡಕ್ಕೆ ಒಳಗಾಗಿರುತ್ತದೆ. ಮೇಲ್ಪದರ ಹೋದ ನಂತರವೂ ಆ ಭಾಗವು ಆಮ್ಲಯುಕ್ತ ದ್ರಾವಣಕ್ಕೆ ಸುತ್ತಲಿನ ಲೋಹಕ್ಕಿಂತ ಭಿನ್ನವಾಗಿ ವರ್ತಿಸುವುದರಿಂದ ಅಂಕಿಗಳು ಕೆಲಕಾಲ ಗೋಚರಿಸುತ್ತವೆ. ಇದು ವಿಧಿವಿಜ್ಞಾನ ಪ್ರಯೋಗಾಲಯಗಳ ತಜ್ಞರು ಮಾಡುವ ಪರೀಕ್ಷೆಯಾಗಿದ್ದು, ಮಾಲೀಕರು ಮನೆಯಲ್ಲಿ ಪ್ರಯತ್ನಿಸಿದಲ್ಲಿ ಉಳಿದ ಕುರುಹೂ ನಾಶವಾಗುತ್ತದೆ.

ಎಂಜಿನ್ ಬದಲಾಗಿದ್ದಲ್ಲಿ ಮೋಟಾರು ವಾಹನಗಳ ಅಧಿನಿಯಮ 1988ರ 52ನೇ ಪ್ರಕರಣದನ್ವಯ ಪ್ರಾಧಿಕಾರಕ್ಕೆ ತಿಳಿಸಿ, ನೋಂದಣಿ ಪ್ರಮಾಣಪತ್ರದಲ್ಲಿ ನಮೂದು ಮಾಡಿಸತಕ್ಕದ್ದು. ಹಳೆಯ ಎಂಜಿನ್‌ನ ಸಂಖ್ಯೆಯನ್ನು ಹೊಸ ಎಂಜಿನ್ ಮೇಲೆ ಕೆತ್ತಿಸುವುದು ಪರಿಹಾರವಲ್ಲ.

7. ವಿಂಟೇಜ್ ನೋಂದಣಿ

ಕೇಂದ್ರ ಮೋಟಾರು ವಾಹನಗಳ ನಿಯಮಗಳು 1989ಕ್ಕೆ ಜುಲೈ 2021ರಲ್ಲಿ ಸೇರಿಸಲಾದ ನಿಯಮಗಳನ್ವಯ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಮಾರ್ಪಾಡು ಸೇರಿದಂತೆ ಗಣನೀಯ ಬದಲಾವಣೆಗೆ ಒಳಗಾಗದೆ ಮೂಲ ರೂಪದಲ್ಲಿಯೇ ಇರಬೇಕೆಂಬುದು ಇದರ ಮುಖ್ಯ ಷರತ್ತು. ಈ ಷರತ್ತನ್ನು ಸಾಬೀತುಪಡಿಸಲು ಮೇಲ್ಕಂಡ ಸಂಖ್ಯೆಗಳೇ ಪ್ರಮುಖ ಆಧಾರ.

ನಮೂನೆ 20ರಲ್ಲಿ ಅರ್ಜಿಯೊಂದಿಗೆ ವಿಮಾ ಪತ್ರ, ಶುಲ್ಕ, ಹಳೆಯ ನೋಂದಣಿ ಪ್ರಮಾಣಪತ್ರ ಹಾಗೂ ಆಮದು ವಾಹನವಾದಲ್ಲಿ ಸುಂಕ ಇಲಾಖೆಯ ಬಿಲ್ ಆಫ್ ಎಂಟ್ರಿ ಲಗತ್ತಿಸತಕ್ಕದ್ದು. ಹೊಸ ನೋಂದಣಿಗೆ ರೂ. 20,000 ಹಾಗೂ ಮರುನೋಂದಣಿಗೆ ರೂ. 5,000 ಶುಲ್ಕವನ್ನು ಸದರಿ ನಿಯಮಗಳಲ್ಲಿ ನಿಗದಿಪಡಿಸಲಾಗಿದೆ. ನೋಂದಣಿಯು 10 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಈಗಾಗಲೇ ನೋಂದಣಿಯಾಗಿರುವ ವಾಹನವು ತನ್ನ ಮೂಲ ನೋಂದಣಿ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ವಿಂಟೇಜ್ ವಾಹನವನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ನಿರ್ವಹಣೆ ಮುಂತಾದ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ಬಳಸುವಂತಿಲ್ಲ. ಆದುದರಿಂದ ತೋಟದ ದಿನನಿತ್ಯದ ಕೆಲಸಕ್ಕೆ ವಾಹನ ಬಳಸುವವರು ವಿಂಟೇಜ್ ನೋಂದಣಿಗೆ ಅರ್ಜಿ ಸಲ್ಲಿಸುವ ಮುನ್ನ ಈ ಅಂಶವನ್ನು ಪರಿಗಣಿಸುವುದು ಸೂಕ್ತ.

8. ಹಳೆಯ ಕಾರನ್ನು ಖರೀದಿಸುವವರ ಗಮನಕ್ಕೆ

ಮುಂಗಡ ಹಣ ನೀಡುವ ಮುನ್ನವೇ ಚಾಸಿ ಹಾಗೂ ಎಂಜಿನ್ ಸಂಖ್ಯೆಗಳ ಪೆನ್ಸಿಲ್ ಪ್ರಿಂಟ್ ತೆಗೆದು ನೋಂದಣಿ ಪ್ರಮಾಣಪತ್ರದೊಂದಿಗೆ ಹೋಲಿಸತಕ್ಕದ್ದು. ಒಂದೇ ಒಂದು ಅಂಕಿ ವ್ಯತ್ಯಾಸವಿದ್ದರೂ ಮಾರಾಟಗಾರರಿಂದಲೇ ದಾಖಲೆ ಸರಿಪಡಿಸಿಕೊಂಡ ನಂತರ ವ್ಯವಹರಿಸುವುದು ಉಚಿತ. ಬಣ್ಣ, ಆಸನ, ಚಕ್ರಗಳನ್ನು ಮುಂದೆ ಯಾವಾಗ ಬೇಕಾದರೂ ಹೊಸದಾಗಿ ಮಾಡಿಸಬಹುದು. ಲೋಹದಲ್ಲಿ ಮೂಡಿರುವ ಮೂಲ ಸಂಖ್ಯೆಯನ್ನು ಹಾಗೆ ಹೊಸದಾಗಿ ಪಡೆಯಲಾಗುವುದಿಲ್ಲ.