ನಾಲ್ಕನೆಯ ಡಿವಿಷನ್ನಿನ ವೃತ್ತಾಂತ

1986ನೆಯ ಇಸವಿಯವರೆಗೆ ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನಲ್ಲಿ ಕಟ್ಟಕಡೆಯ ಸ್ಥಾನಕ್ಕಿಳಿದ ತಂಡವು ಆ ಕಾರಣದಿಂದಲೇ ಲೀಗನ್ನು ಬಿಟ್ಟು ಹೊರಡಬೇಕೆಂಬ ಕಟ್ಟಳೆ ಇರಲಿಲ್ಲ. ಅಂಕಪಟ್ಟಿಯ ತಳದಲ್ಲಿ ನಿಂತ ನಾಲ್ಕು ತಂಡಗಳು ಬೇಸಗೆಯ ವಾರ್ಷಿಕ ಸಭೆಯ ಮುಂದೆ ಅರ್ಜಿ ಹಿಡಿದು ನಿಂತು, ತಮ್ಮನ್ನು ಇನ್ನೊಂದು ವರ್ಷ ಒಳಗೇ ಉಳಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತಿದ್ದುವು. ಹೊರಗಿನಿಂದ ಪ್ರವೇಶವನ್ನು ಬೇಡಿ ಬಂದ ಕ್ಲಬ್ಬುಗಳ ಹೆಸರೂ ಅವುಗಳ ಪಕ್ಕದಲ್ಲಿರುತ್ತಿತ್ತು. ಮತ ಹಾಕುವವರೆಲ್ಲ ಒಳಗಿನವರೇ ಆಗಿದ್ದರು. ಪುನರಾಯ್ಕೆ ಎಂಬ ಈ ಪದ್ಧತಿಯಲ್ಲಿ ಮೈದಾನದ ತೀರ್ಪಿಗಿಂತ ಸಭಾಂಗಣದ ದಾಕ್ಷಿಣ್ಯವೇ ಬಲಿಷ್ಠವಾಗಿದ್ದಿತೆಂದರೆ ತಪ್ಪಾಗದು.

ಇದರ ಬೇರು ಲೀಗಿನ ಜನ್ಮದಲ್ಲಿಯೇ ಇದೆ. ಆಟಗಾರರಿಗೆ ಸಂಬಳ ಕೊಡುವುದು 1885ರಲ್ಲಿ ನಿಯಮಬದ್ಧವಾದ ಮೇಲೆ ಕ್ಲಬ್ಬುಗಳಿಗೆ ವಾರವಾರದ ವೆಚ್ಚವು ನಿಶ್ಚಿತವಾಯಿತು, ವರಮಾನ ಮಾತ್ರ ಅನಿಶ್ಚಿತವಾಗಿಯೇ ಉಳಿಯಿತು. ಕಪ್ ಪಂದ್ಯದ ಮೊದಲ ಸುತ್ತಿನಲ್ಲಿ ಸೋತರೆ ಆ ಬಾಬಿನ ಆದಾಯ ಅಲ್ಲಿಗೇ ನಿಂತಿತು. ಗೊತ್ತುಮಾಡಿದ ಸ್ನೇಹಪಂದ್ಯಕ್ಕೆ ಎದುರಾಳಿಗಳು ಬಾರದೆ ಹೋದರೆ ಗೇಟಿನ ಹಣವೂ ಇಲ್ಲ. ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಲ್ಲಾ ಕ್ಲಬ್ಬಿನ ಆಡಳಿತದಲ್ಲಿದ್ದ, ವೃತ್ತಿಯಿಂದ ಜವಳಿ ವ್ಯಾಪಾರಿಯಾದ ವಿಲಿಯಂ ಮೆಕ್‌ಗ್ರೆಗರ್ ಎಂಬ ಸ್ಕಾಟ್‌ಲೆಂಡಿನ ಗೃಹಸ್ಥನು 1888ರಲ್ಲಿ ಹನ್ನೆರಡು ಕ್ಲಬ್ಬುಗಳನ್ನು ಕೂಡಿಸಿ, ತಮ್ಮತಮ್ಮೊಳಗೆ ಗೊತ್ತಾದ ದಿನಗಳಲ್ಲಿ ತಪ್ಪದೆ ಆಡುವ ಒಪ್ಪಂದವೊಂದನ್ನು ಏರ್ಪಡಿಸಿದನು. ಅದು ವ್ಯಾಪಾರಿಯ ಬುದ್ಧಿಗೆ ಹೊಳೆದ ವ್ಯಾಪಾರದ ಉಪಾಯ. ಆರು ಕ್ಲಬ್ಬುಗಳು ಲ್ಯಾಂಕಷೈರ್ ಪ್ರಾಂತದವು, ಆರು ಮಧ್ಯದೇಶದವು, ಲಂಡನ್ನಿನದೊಂದೂ ಅದರಲ್ಲಿರಲಿಲ್ಲ. ಒಪ್ಪಂದ ಮಾಡಿಕೊಂಡವರು ತಮ್ಮ ಕೂಟಕ್ಕೆ ಯಾರನ್ನು ಸೇರಿಸಬೇಕೆಂಬುದನ್ನು ತಾವೇ ನಿರ್ಧರಿಸುವುದು ಸಹಜವಷ್ಟೆ.

ಎರಡನೆಯ ಡಿವಿಷನ್ 1892ರಲ್ಲಿ ಬಂದಿತು. ಮೊದಲ ಮಹಾಯುದ್ಧವು ಮುಗಿದ ಮೇಲೆ, 1920ರಲ್ಲಿ, ದಕ್ಷಿಣ ಲೀಗಿನ ಮೇಲ್ದರ್ಜೆಯ ಕ್ಲಬ್ಬುಗಳನ್ನು ಇಡಿಯಾಗಿ ಒಳಗೆ ತೆಗೆದುಕೊಂಡು ಮೂರನೆಯ ಡಿವಿಷನ್ ಎಂದು ಹೆಸರಿಟ್ಟರು. ಮರುವರ್ಷವೇ ಉತ್ತರದವರ ಸಮಾಧಾನಕ್ಕಾಗಿ ಅವರದೇ ಒಂದು ಶಾಖೆಯನ್ನು ಸೇರಿಸಿದರು. ರೈಲಿನ ಖರ್ಚು ಉಳಿಯಲೆಂದು ದೇಶವನ್ನು ಉತ್ತರ ದಕ್ಷಿಣವೆಂದು ಸೀಳಿದ ಈ ವ್ಯವಸ್ಥೆಯಲ್ಲಿ ಒಂದು ಕ್ರೌರ್ಯವಿದ್ದಿತು: ಪ್ರತಿಯೊಂದು ಶಾಖೆಯಿಂದಲೂ ಪ್ರಥಮ ಸ್ಥಾನವನ್ನು ಪಡೆದ ಒಂದೇ ತಂಡಕ್ಕೆ ಮೇಲಿನ ದರ್ಜೆಗೆ ಬಡ್ತಿ. ದಕ್ಷಿಣ ಶಾಖೆಯ ಪ್ಲಿಮತ್ ಆರ್ಗೈಲ್ ತಂಡವು 1922ರಿಂದ 1927ರವರೆಗೆ ಸತತವಾಗಿ ಆರು ವರ್ಷ ಎರಡನೆಯ ಸ್ಥಾನದಲ್ಲಿಯೇ ನಿಂತಿತು. ಅದಕ್ಕೆ ಬಡ್ತಿ ದೊರೆತುದು 1930ರಲ್ಲಿ. ಇಂಥ ತಾಳ್ಮೆಯನ್ನು ನಾಲ್ಕು ವರ್ಷದೊಳಗೆ ಮಂತ್ರಿಪದವಿ ಸಿಗಲಿಲ್ಲವೆಂದು ಪಕ್ಷವನ್ನೇ ಬಿಡುವ ನಮ್ಮ ರಾಜಕಾರಣಿಗಳು ಕೇಳಿದರೆ ನಂಬಲಾರರು.

ಎರಡನೆಯ ಯುದ್ಧ ಮುಗಿದ ಹೊಸದರಲ್ಲಿ ಮೈದಾನಗಳು ತುಂಬಿ ತುಳುಕಿದುವು. 1948-49ರ ಋತುವೊಂದರಲ್ಲೇ ಲೀಗಿನ ಪಂದ್ಯಗಳನ್ನು ನೋಡಿದವರ ಸಂಖ್ಯೆ 4 ಕೋಟಿ 10 ಲಕ್ಷವನ್ನು ಮೀರಿತ್ತು. ಆಮೇಲೆ ಜನ ಕಡಮೆಯಾಗುತ್ತ ಬಂದರು. 1958ರಲ್ಲಿ ಉತ್ತರ ದಕ್ಷಿಣದ ಭೇದವನ್ನು ಅಳಿಸಿ, ಎರಡೂ ಶಾಖೆಗಳ ಮೇಲಿನ ಅರ್ಧವನ್ನು ಕೂಡಿಸಿ ಮೂರನೆಯ ಡಿವಿಷನ್, ಕೆಳಗಿನ ಅರ್ಧವನ್ನು ಕೂಡಿಸಿ ನಾಲ್ಕನೆಯ ಡಿವಿಷನ್ ಎಂದು ಇಪ್ಪತ್ತನಾಲ್ಕರಂತೆ ಹಂಚಿದರು. ಆದರೆ ಕೆಳಗಿನವರಿಗೆ ಪೂರ್ಣ ಸದಸ್ಯತ್ವವಿರಲಿಲ್ಲ. ಮೇಲಿನ ಎರಡು ಡಿವಿಷನ್ನುಗಳ ನಲವತ್ತನಾಲ್ಕು ಕ್ಲಬ್ಬುಗಳಿಗೆ ತಲೆಗೊಂದು ಮತವಿದ್ದರೆ, ಕೆಳಗಿನ ನಲವತ್ತೆಂಟು ಕ್ಲಬ್ಬುಗಳಿಗೆಲ್ಲ ಸೇರಿ ನಾಲ್ಕೇ ಮತ. ಅಲ್ಲದೆ 1961ರ ಜನವರಿಯಲ್ಲಿ ಆಟಗಾರರ ಸಂಘದ ಹೋರಾಟದಿಂದ ವಾರಕ್ಕೆ 20 ಪೌಂಡೆಂಬ ಸಂಬಳದ ಮಿತಿಯು ರದ್ದಾಯಿತು; ಫುಲ್‌ಹ್ಯಾಮಿನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡು ಎಣಿಸಿಕೊಂಡನು. ಅದು ಆಟಗಾರರಿಗೆ ಬಹುಕಾಲ ತಡವಾಗಿ ಸಂದ ನ್ಯಾಯವೇ ಸರಿ, ಆದರೆ ಸಣ್ಣ ಊರಿನ ಕ್ಲಬ್ಬು ಇನ್ನು ಮುಂದೆ ದೊಡ್ಡದರೊಡನೆ ಸಂಬಳದಲ್ಲಿ ಸ್ಪರ್ಧಿಸುವಂತಿರಲಿಲ್ಲ.

ಈ ಕಾಲದ ಸಂಕಟವನ್ನು ಸಮೀಪದಿಂದ ಕಾಣಬೇಕಾದರೆ ಆಕ್ರಿಂಗ್ಟನ್ ಸ್ಟಾನ್ಲಿಯ ಕಥೆಯನ್ನು ನೋಡಬೇಕು. ಲ್ಯಾಂಕಷೈರಿನ ಹತ್ತಿ ಗಿರಣಿಗಳ ನಡುವಣ ಚಿಕ್ಕ ಊರು ಅದು. ಒಂದು ಕಡೆ ಬ್ಲ್ಯಾಕ್‌ಬರ್ನ್, ಮತ್ತೊಂದು ಕಡೆ 1960ರಲ್ಲಿ ಇಡೀ ದೇಶದ ಚಾಂಪಿಯನ್ ಆಗಿದ್ದ ಬರ್ನ್ಲಿ. 1950ರ ದಶಕದ ನಡುವಿನಲ್ಲಿ ಪೂರ್ತಿ ಸ್ಕಾಟ್‌ಲೆಂಡಿನವರೇ ಇದ್ದ ತಂಡವನ್ನು ಮೈದಾನಕ್ಕಿಳಿಸಿ ಉತ್ತರ ಶಾಖೆಯಲ್ಲಿ ಬಡ್ತಿಯ ಬಾಗಿಲವರೆಗೂ ಹೋಗಿದ್ದ ಈ ಕ್ಲಬ್ಬು, 1958ರಲ್ಲಿ ಆಲ್ಡರ್‌ಷಾಟಿನ ಸೇನಾ ಪ್ರದರ್ಶನದ ಹಳೆಯ ಪ್ರೇಕ್ಷಕಾಂಗಣವನ್ನು ಕೊಂಡಿತು. ಅದನ್ನು ಬಿಚ್ಚಿ ಸಾಗಿಸಿ ಪೀಲ್ ಪಾರ್ಕ್ ಮೈದಾನದಲ್ಲಿ ನಿಲ್ಲಿಸುವ ಖರ್ಚು ಕ್ರಯಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಯಿತು. ನೋಡುವವರೇ ಕಡಮೆಯಾಗುತ್ತಿದ್ದ ಕಾಲದಲ್ಲಿ ಅವರು ಕೂರಲು ಹೊಸ ಆಸನಗಳನ್ನು ಏರಿಸುವ ವಿವೇಕ ಯಾರದೋ ತಿಳಿಯದು. ಸಾಲವು ಬೆಳೆಯಿತು, ತಂಡವು ನಾಲ್ಕನೆಯ ಡಿವಿಷನ್ನಿಗೆ ಇಳಿಯಿತು, ಸಲಹೆಗೆಂದು ಬರ್ನ್ಲಿಯ ಅಧ್ಯಕ್ಷ, ಮಾಂಸದ ವ್ಯಾಪಾರದಲ್ಲಿ ಹಣಗಳಿಸಿದ್ದ ಬಾಬ್ ಲಾರ್ಡ್ ಎಂಬವನನ್ನು ಕರೆಸಿದರು, ಅವನು ಲೆಕ್ಕವನ್ನು ಪರಿಶೀಲಿಸಿ ಕ್ಲಬ್ಬು ಉಳಿಯಲಾರದೆಂದನು. 1962ರ ಮಾರ್ಚ್ 2ರಂದು ಕ್ರೂ ಅಲೆಕ್ಸಾಂಡ್ರಾ ತಂಡದೆದುರು ನಾಲ್ಕು ಗೋಲುಗಳಿಂದ ಸೋತುದೇ ಕಡೆಯ ಪಂದ್ಯವಾಯಿತು. ರಾಜೀನಾಮೆಯ ಪತ್ರವು ಅಂಚೆಗೆ ಬಿದ್ದ ಬಳಿಕ ಹಣ ಕೊಡುವವರು ಯಾರೋ ಮುಂದೆ ಬಂದರೆಂದು, ಪತ್ರವನ್ನು ಹಿಂತೆಗೆದುಕೊಳ್ಳಲು ಕ್ಲಬ್ಬು ಬೇಡಿಕೊಂಡಿತು. ಲೀಗಿನ ಕಾರ್ಯದರ್ಶಿ ಅಲನ್ ಹಾರ್ಡೇಕರ್ ಒಪ್ಪಲಿಲ್ಲ. ಆ ಋತುವಿನಲ್ಲಿ ಅವರು ಆಡಿದ್ದ 33 ಪಂದ್ಯಗಳ ಫಲಿತಾಂಶವನ್ನೂ ದಾಖಲೆಯಿಂದ ಅಳಿಸಿಹಾಕಿದರು. ತೆರವಾದ ಸ್ಥಾನ ಆಕ್ಸ್‌ಫರ್ಡ್ ಯುನೈಟೆಡ್ ತಂಡಕ್ಕೆ ದೊರೆಯಿತು.

ಮತದಾನದಿಂದಲೇ ಹೊರಬಿದ್ದವರು ಮಾತ್ರ ವಿರಳ. ನಾಲ್ಕನೆಯ ಡಿವಿಷನ್ ಹುಟ್ಟಿದಂದಿನಿಂದ 1986ರವರೆಗೆ ನೂರಕ್ಕೂ ಮಿಕ್ಕ ಅರ್ಜಿಗಳು ಸಭೆಯ ಮುಂದೆ ಬಂದುವು. ತಿರಸ್ಕೃತವಾದುವು ಐದೇ ಐದು: 1960ರಲ್ಲಿ ಗೇಟ್ಸ್‌ಹೆಡ್, 1970ರಲ್ಲಿ ಬ್ರಾಡ್‌ಫರ್ಡ್ ಪಾರ್ಕ್ ಅವೆನ್ಯೂ, 1972ರಲ್ಲಿ ಬ್ಯಾರೋ, 1977ರಲ್ಲಿ ವರ್ಕಿಂಗ್ಟನ್, 1978ರಲ್ಲಿ ಸೌತ್‌ಪೋರ್ಟ್. ಹಾರ್ಟ್ಲ್‌ಪೂಲ್ ಕ್ಲಬ್ಬು ತನ್ನ ಚರಿತ್ರೆಯಲ್ಲಿ 14 ಸಲ ಈ ಅರ್ಜಿಯನ್ನು ಹಿಡಿದು ಹೋಗಿ ಪ್ರತಿ ಸಲವೂ ಕ್ಷಮೆ ಪಡೆದು ಬಂದಿತು. 1960ರಲ್ಲಂತೂ ಕಟ್ಟಕಡೆಯಲ್ಲಿದ್ದುದು ಅದೇ. ಆದರೂ ಹೊರನಡೆದುದು ಅದಕ್ಕಿಂತ ಎರಡು ಸ್ಥಾನ ಮೇಲಿದ್ದ ಗೇಟ್ಸ್‌ಹೆಡ್. ಹೊರಬಿದ್ದ ಐದೂ ಕ್ಲಬ್ಬುಗಳು ಉತ್ತರ ಪ್ರಾಂತದವು. ಅವುಗಳ ಸ್ಥಾನಕ್ಕೆ ಬಂದವರಲ್ಲಿ ವಿಗನ್ ಒಂದನ್ನುಳಿದು ಪೀಟರ್‌ಬರೋ, ಕೇಂಬ್ರಿಜ್, ಹೆರ್‌ಫರ್ಡ್, ವಿಂಬಲ್ಡನ್ ಎಲ್ಲವೂ ಮಧ್ಯದೇಶದ ಅಥವಾ ದಕ್ಷಿಣದ ತಂಡಗಳು. ಸಮುದ್ರದಂಚಿನ ಬ್ಯಾರೋವಿಗೆ ಚಳಿಗಾಲದಲ್ಲಿ ಪ್ರಯಾಣ ಮಾಡುವ ಬೇಸರವೂ ಮತಪತ್ರದಲ್ಲಿ ಒಂದು ಗುರುತಾಗಿ ಬಿದ್ದಿರಬಹುದೆಂದು ನನ್ನ ಅನುಮಾನ. ಹೆರ್‌ಫರ್ಡಿಗಾದರೋ ಕೀರ್ತಿಯೇ ಶಿಫಾರಸು ಮಾಡಿತು: 1972ರ ಫೆಬ್ರವರಿ 5ರಂದು, ಲೀಗಿನ ಹೊರಗಿದ್ದ ಆ ತಂಡವು ಕೆಸರು ತುಂಬಿದ ತನ್ನ ಮೈದಾನದಲ್ಲಿ ಮೊದಲ ಡಿವಿಷನ್ನಿನ ನ್ಯೂಕ್ಯಾಸಲನ್ನು ಕಪ್ ಪಂದ್ಯದಲ್ಲಿ 2-1ರಿಂದ ಮಣಿಸಿತ್ತು.

1986-87ರ ಋತುವಿನಿಂದ ಪುನರಾಯ್ಕೆಯು ರದ್ದಾಗಿ, ಕಡೆಯ ತಂಡ ಕೆಳಗಿನ ಕಾನ್ಫರೆನ್ಸ್ ಲೀಗಿಗೆ ಇಳಿದು ಅಲ್ಲಿನ ವಿಜೇತ ತಂಡ ಮೇಲಕ್ಕೆ ಬರುವ ನಿಯಮ ಜಾರಿಯಾಯಿತು. ಮೊದಲ ವರ್ಷದ ಕಡೆಯ ದಿನ, 1987ರ ಮೇ 9ರಂದು, ಬಾಗಿಲ ಬಳಿ ನಿಂತಿದ್ದವರು ಮೂವರು: ಬರ್ನ್ಲಿ, ಟಾರ್ಕಿ, ಲಿಂಕನ್. ಸ್ಥಾಪಕ ಸದಸ್ಯನಾದ ಬರ್ನ್ಲಿಯೇ ಈ ಗತಿಗೆ ಬಂದಿತ್ತೆಂಬುದನ್ನು ಗಮನಿಸಬೇಕು. ಅದು ಗೆದ್ದು ಪಾರಾಯಿತು. ಟಾರ್ಕಿಯ ಮೈದಾನದಲ್ಲಿ ಕ್ರೂ ತಂಡವು 2-1ರಿಂದ ಮುಂದಿದ್ದಾಗ, ಅಂಚಿನಲ್ಲಿ ಕಾವಲಿದ್ದ ಪೊಲೀಸ್ ನಾಯಿಯೊಂದು, ಚೆಂಡಿನ ಬೆನ್ನಟ್ಟಿ ಓಡಿಬಂದ ಟಾರ್ಕಿಯ ಜಿಮ್ ಮೆಕ್‌ನಿಕಲ್‌ನ ತೊಡೆಗೆ ಬಾಯಿ ಹಾಕಿತು. ಚಿಕಿತ್ಸೆಗೆ ಹಿಡಿದ ನಿಮಿಷಗಳನ್ನು ರೆಫರಿಯು ಕೊನೆಗೆ ಸೇರಿಸಿದನು. ಆ ಸೇರಿಸಿದ ಅವಧಿಯಲ್ಲಿಯೇ ಪಾಲ್ ಡಾಬ್ಸನ್ ಸಮಬಲದ ಗೋಲನ್ನು ಹೊಡೆದನು. ಟಾರ್ಕಿಗೂ ಲಿಂಕನ್ನಿಗೂ ಅಂಕಗಳು ಸಮವಾದುವು. ಗೋಲುಗಳ ವ್ಯತ್ಯಾಸದಲ್ಲಿ ಲಿಂಕನ್ ಇಳಿಯಿತು, ಸ್ಕಾರ್‌ಬರೋ ಏರಿತು. ಹನ್ನೆರಡು ವರ್ಷದ ಮೇಲೆ ಅದೇ ಸ್ಕಾರ್‌ಬರೋ ಕೆಳಗುರುಳಿದುದು ಕಾರ್ಲೈಲ್ ತಂಡಕ್ಕೆ ಎರವಲು ಬಂದಿದ್ದ ಜಿಮ್ಮಿ ಗ್ಲಾಸ್ ಎಂಬ ಗೋಲಿಯು ತನ್ನ ಕಂಬವನ್ನು ಬಿಟ್ಟು ಎದುರಿನ ಅಂಗಳಕ್ಕೆ ಓಡಿ, ಹೆಚ್ಚುವರಿ ಅವಧಿಯ ಕಟ್ಟಕಡೆಯ ಕ್ಷಣದಲ್ಲಿ ಹೊಡೆದ ಗೋಲಿನಿಂದ.

ಈಗ ಹೆಸರುಗಳು ಬದಲಾಗಿವೆ. ಮೇಲಿನ ಡಿವಿಷನ್ 1992ರಲ್ಲಿ ಪ್ರೀಮಿಯರ್ ಲೀಗಾಗಿ ಬೇರೆ ಸಂಸಾರ ಹೂಡಿತು. ಹಳೆಯ ನಾಲ್ಕನೆಯ ಡಿವಿಷನ್ 2004ರಿಂದ ಲೀಗ್ ಟೂ ಎನಿಸಿಕೊಳ್ಳುತ್ತದೆ. ಇಪ್ಪತ್ತನಾಲ್ಕು ತಂಡಗಳಲ್ಲಿ ಮೊದಲ ಮೂರಕ್ಕೆ ನೇರ ಬಡ್ತಿ, ಮುಂದಿನ ನಾಲ್ಕು ತಮ್ಮೊಳಗೆ ಆಡಿ ಗೆದ್ದ ಒಂದಕ್ಕೆ ನಾಲ್ಕನೆಯ ಬಡ್ತಿ, ಕಡೆಯ ಎರಡು ಕೆಳಕ್ಕೆ. 1968ರಲ್ಲಿ ಹೊಸದಾಗಿ ಕಟ್ಟಿದ ಆಕ್ರಿಂಗ್ಟನ್ ಸ್ಟಾನ್ಲಿಯು 2006ರಲ್ಲಿ ಗೆದ್ದು ಲೀಗಿಗೆ ಮರಳಿತು; ಆ ವರ್ಷ ಇಳಿದ ಎರಡು ತಂಡಗಳಲ್ಲಿ ಆಕ್ಸ್‌ಫರ್ಡ್ ಯುನೈಟೆಡ್ ಒಂದು. ಬ್ಯಾರೋ 2020ರಲ್ಲಿ ಮರಳಿತು.

ಮತದ ಜಾಗಕ್ಕೆ ಅಂಕವನ್ನು ತಂದುದು ನಿಸ್ಸಂದೇಹವಾಗಿ ಸುಧಾರಣೆಯೇ. ಆದರೆ ಸಾಲಕ್ಕೆ ಅದು ಮದ್ದಾಗಲಿಲ್ಲ. 1894ರಿಂದ ಲೀಗಿನಲ್ಲಿದ್ದು, ಎರಡು ಸಲ ಕಪ್ಪನ್ನು ಗೆದ್ದಿದ್ದ ಬ್ಯೂರಿ ಎಂಬ ಕ್ಲಬ್ಬು 2019ರ ವಸಂತದಲ್ಲಿ ಲೀಗ್ ಟೂನಿಂದ ಬಡ್ತಿಯನ್ನು ಪಡೆಯಿತು; ಆಗಸ್ಟ್ 27ರಂದು, ಮೇಲಿನ ದರ್ಜೆಯಲ್ಲಿ ಒಂದು ಪಂದ್ಯವನ್ನೂ ಆಡುವ ಮೊದಲೇ, ಹಣದ ಮುಗ್ಗಟ್ಟಿನ ಕಾರಣದಿಂದ ಅದನ್ನು ಲೀಗಿನಿಂದ ಉಚ್ಚಾಟಿಸಿದರು. ಆ ಋತುವನ್ನು ಲೀಗ್ ಒನ್ 23 ತಂಡಗಳಿಂದಲೇ ನಡೆಸಿತು.